ವಿಮಾನಪುರದ ಅಂಗಳದಲ್ಲಿ



ಬೆಂಗಳೂರಿನ ಪೂರ್ವ ದಿಕ್ಕಿಗೆ ವಿಮಾನಪುರ ಅಂತ ಒಂದು ಜಾಗ ಇದೆ. ಅಂಚೆ ವಿಳಾಸದಲ್ಲಿ ಇವತ್ತಿಗೂ ಆ ಹೆಸರು ಉಳಿದಿದೆ. ನಾನು ಚಿಕ್ಕವಳಿದ್ದಾಗ ನಮ್ಮ ಕಡೆಯವರು ಅದನ್ನು ವಿಮಾನಪುರ ಎನ್ನುತ್ತಿರಲಿಲ್ಲ, ಎಚ್‌ಎಎಲ್ ಅಂತಲೂ ಎನ್ನುತ್ತಿರಲಿಲ್ಲ. ‘ವಿಮಾನ ಕಾರ್ಖಾನೆ’ ಎನ್ನುತ್ತಿದ್ದರು. ಹೊಸಕೋಟೆ, ಮಾಲೂರು, ಆನೇಕಲ್ಲು ಕಡೆಯ ಹಳ್ಳಿಗಳಲ್ಲಿ ಹೆಣ್ಣು ಕೊಡುವ ಮಾತು ಬಂದಾಗ ‘ಹುಡುಗ ವಿಮಾನ ಕಾರ್ಖಾನೇಲಿದ್ದಾನೆ’ ಎಂದರೆ ಸಾಕು, ಮುಂದಿನ ವಿಚಾರಣೆ ಇರುತ್ತಿರಲಿಲ್ಲ. ನಮ್ಮಪ್ಪ ಹಾಗೆ ಹಳ್ಳಿಯಿಂದ ಬಂದು ಆ ಕಾರ್ಖಾನೆ ಸೇರಿದವರು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿ ರಿವೆಟ್ ಕೆಲಸ ಮಾಡಿದರು.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಕಾರ್ಖಾನೆಯ ಮಗ್ಗುಲಲ್ಲೇ ಇರುವ ಎಚ್‌ಎಎಲ್ ಪಾರಂಪರಿಕ ಕೇಂದ್ರ ಮತ್ತು ವಿಮಾನ ವಸ್ತುಸಂಗ್ರಹಾಲಯದ ಬಗ್ಗೆ. ಜನ ಅದನ್ನು ಎಚ್‌ಎಎಲ್ ಮ್ಯೂಸಿಯಂ ಎಂದೇ ಕರೆಯುತ್ತಾರೆ. ಶುರುವಾದದ್ದು 2001ರಲ್ಲಿ. ಸುಮಾರು ನಾಲ್ಕು ಎಕರೆ ಜಾಗ, ಗಿಡಮರಗಳ ನಡುವೆ ನಿಂತ ವಿಮಾನಗಳು, ಒಳಗೆ ಎರಡು ದೊಡ್ಡ ಹಾಲ್‌ಗಳು. ಒಂದರಲ್ಲಿ 1940ರಿಂದ ಈಚೆಗೆ ದಶಕ ದಶಕವಾಗಿ ಜೋಡಿಸಿದ ಛಾಯಾಚಿತ್ರಗಳು, ಇನ್ನೊಂದರಲ್ಲಿ ಸೀಳಿ ತೋರಿಸಿದ ಎಂಜಿನ್ನುಗಳು.

ಅದು ಶುರುವಾದ ಮೇಲೆ ಒಂದು ಭಾನುವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ ಬಹಳ ವರ್ಷ ಆಗಿತ್ತು. ಬಾಗಿಲು ದಾಟಿದವರು ನೇರವಾಗಿ ಮಾರುತ್ ಯುದ್ಧವಿಮಾನದ ಹತ್ತಿರ ಹೋದರು. ನಾವೆಲ್ಲ ವಿಮಾನ ನೋಡುವುದು ಹೇಗೆ? ಮೂತಿ ನೋಡುತ್ತೇವೆ, ರೆಕ್ಕೆ ನೋಡುತ್ತೇವೆ, ಪೈಲಟ್ ಕೂರುವ ಜಾಗ ಎಲ್ಲಿ ಅಂತ ಹುಡುಕುತ್ತೇವೆ. ಅಪ್ಪ ಅದ್ಯಾವುದನ್ನೂ ನೋಡಲಿಲ್ಲ. ಬಗ್ಗಿ, ವಿಮಾನದ ಹೊಟ್ಟೆಯ ಕೆಳಗೆ ಕತ್ತು ಚಾಚಿ, ಸಾಲಾಗಿ ಕೂತಿದ್ದ ರಿವೆಟ್‌ಗಳನ್ನು ನೋಡಿದರು. ಆಮೇಲೆ ಹೆಬ್ಬೆರಳಿನಿಂದ ಒಂದೊಂದನ್ನೇ ಸವರುತ್ತಾ ಹೋದರು, ಅಮ್ಮ ರೊಟ್ಟಿಯ ಅಂಚು ಸವರಿದ ಹಾಗೆ. ತುಂಬಾ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: ‘ನೋಡು ಕಣಮ್ಮ, ಇದಕ್ಕೆ ಇಬ್ಬರು ಬೇಕು. ಹೊಡೆಯೋನು ಹೊರಗಿರ್ತಾನೆ, ಹಿಡಿಯೋನು ಒಳಗಿರ್ತಾನೆ. ನಾನು ಗಿಡ್ಡ ಇದ್ನಲ್ಲ, ಯಾವಾಗ್ಲೂ ನನ್ನೇ ಒಳಗೆ ಕಳಿಸೋರು.’

ಆ ಕೆಲಸ ಹೇಗೆ ನಡೆಯುತ್ತಿತ್ತು ಎನ್ನುವುದನ್ನು ಅವತ್ತೇ ನಾನು ಸರಿಯಾಗಿ ಕೇಳಿದ್ದು, ಐವತ್ತು ದಾಟಿದ ಮೇಲೆ. ವಿಮಾನದ ಮೈ ಎಂದರೆ ತೆಳು ಅಲ್ಯೂಮಿನಿಯಂ ತಗಡು. ಅದನ್ನು ಒಳಗಿನ ಎಲುಬುಗಳಿಗೆ ಸೇರಿಸುವುದು ರಿವೆಟ್. ತೂತಿನೊಳಗೆ ರಿವೆಟ್ ಇಟ್ಟು ಹೊರಗಿನಿಂದ ಒಬ್ಬ ಗಾಳಿಯ ಗನ್ನಿನಲ್ಲಿ ಹೊಡೆಯುತ್ತಾನೆ. ಒಳಗಿರುವವನು ‘ಡಾಲಿ’ ಎಂಬ ಕಬ್ಬಿಣದ ಗಟ್ಟಿಯನ್ನು ಅದರ ಬುಡಕ್ಕೆ ಒತ್ತಿ ಹಿಡಿಯುತ್ತಾನೆ. ಇಬ್ಬರ ನಡುವೆ ಸಿಕ್ಕ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಡಾಲಿ ಹಿಡಿದ ಕೈ ಒಂದಿಷ್ಟು ಓರೆಯಾದರೂ ರಿವೆಟ್ ಸೊಟ್ಟಗಾಗುತ್ತದೆ. ಆಗ ಅದನ್ನು ಕೊರೆದು ತೆಗೆದು ಮತ್ತೆ ಹಾಕಬೇಕು. ಹೊರಮೈಯಲ್ಲಿ ರಿವೆಟ್ಟಿನ ತಲೆ ತಗಡಿನ ಮಟ್ಟಕ್ಕೆ ಸಮನಾಗಿ ಕೂರಬೇಕು, ಉಬ್ಬಿದರೆ ಹರಿಯುವ ಗಾಳಿಗೆ ಅಡ್ಡಿ. ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಕಾಣದು, ಗನ್ನಿನ ಸದ್ದಿಗೆ ಮಾತು ಕೇಳದು. ತಗಡನ್ನು ತಟ್ಟಿ ಸನ್ನೆ ಮಾಡಿಕೊಳ್ಳುತ್ತಿದ್ದರಂತೆ: ಒಂದು ತಟ್ಟಿದರೆ ಸರಿಯಾಗಿದೆ, ಎರಡು ತಟ್ಟಿದರೆ ಇನ್ನೊಂದು ಸಲ ಹೊಡಿ.

ಅಪ್ಪ ಇದನ್ನೆಲ್ಲ ಹೇಳುತ್ತಿರುವಾಗ ಯಾವುದೋ ಶಾಲೆಯಿಂದ ಬಂದಿದ್ದ ಏಳೆಂಟು ಹುಡುಗರು ಸುತ್ತ ನಿಂತುಬಿಟ್ಟಿದ್ದರು. ಒಬ್ಬ ಕೇಳಿದ, ‘ತಾತ, ಈ ಪ್ಲೇನ್ ನೀವು ಓಡಿಸಿದ್ದೀರಾ?’ ಅಪ್ಪ ಹೇಳಿದರು, ‘ಇಲ್ಲಪ್ಪ. ನಾನು ವಿಮಾನದಲ್ಲಿ ಕೂತಿದ್ದೇ ಒಂದು ಸಲ, ತಂಗಿ ಮಗಳ ಮದುವೆಗೆ ಬೊಂಬಾಯಿಗೆ ಹೋದಾಗ.’ ಹುಡುಗರು ನಗಲಿಲ್ಲ. ಒಬ್ಬೊಬ್ಬರೇ ಬಗ್ಗಿ ರಿವೆಟ್ ಮುಟ್ಟಿ ನೋಡಿದರು.

ಎಷ್ಟೋ ಪ್ರದರ್ಶನಗಳನ್ನು, ಉದ್ಘಾಟನೆಗಳನ್ನು ನೋಡಿದ್ದೇನೆ. ಆ ಅರ್ಧ ಗಂಟೆಗೆ ಸಮನಾದ ಕಾರ್ಯಕ್ರಮವನ್ನು ಯಾವ ವಸ್ತುಸಂಗ್ರಹಾಲಯದಲ್ಲೂ ನಾನು ಕಂಡಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ವಿಚಾರ ಕೂತಿದೆ. ವಿಮಾನದ ಪಕ್ಕದಲ್ಲಿ ಅದನ್ನು ಕಟ್ಟಿದವರ ಮಾತೂ ಇರಬೇಕು. ಮಾತಾಡುವವರು ಇರುವಾಗಲೇ ಆ ಕೆಲಸ ಆಗಬೇಕು.

ಕಾರ್ಖಾನೆ ಬಂದ ಕಥೆಯನ್ನು ಸ್ವಲ್ಪ ಹೇಳುತ್ತೇನೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರಿನ ಕಾರ್ಖಾನೆ ಆಗಬೇಕೆಂದು ಬಹಳ ಪ್ರಯತ್ನಪಟ್ಟರು. ಆ ಪ್ರಯತ್ನದಲ್ಲಿ ಅವರ ಜೊತೆಗಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬೆಂಗಳೂರಿನಲ್ಲಿ ಕಾರಿನ ಕಾರ್ಖಾನೆ ಆಗಲಿಲ್ಲ. ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ ವಾಲ್‌ಚಂದ್ ಅವರಿಗೆ ವಿಮಾನ ಪ್ರಯಾಣವೊಂದರಲ್ಲಿ ಅಮೆರಿಕದ ವಿಲಿಯಂ ಪಾಲಿ ಎಂಬುವರ ಪರಿಚಯವಾಯಿತು. ಪಾಲಿ ಚೀನಾದಲ್ಲಿ ವಿಮಾನ ಜೋಡಿಸುವ ಕಾರ್ಖಾನೆ ನಡೆಸುತ್ತಿದ್ದವರು. ಅಲ್ಲಿಂದ ಮಾತು ಬೆಳೆದು ಬೆಂಗಳೂರಿಗೆ ಬಂತು. ದಿವಾನ್ ಮಿರ್ಜಾ ಇಸ್ಮಾಯಿಲ್ ಕೈಹಿಡಿದರು. ಮೈಸೂರು ಸಂಸ್ಥಾನ ಸುಮಾರು 700 ಎಕರೆ ಜಮೀನು ಕೊಟ್ಟಿತು, 25 ಲಕ್ಷ ರೂಪಾಯಿ ಬಂಡವಾಳ ಹಾಕಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು, ಇವತ್ತಿನ ಎಚ್‌ಎಎಲ್ ಅದೇ. ಮೊದಲ ಕಚೇರಿ ದೊಮ್ಮಲೂರು ರಸ್ತೆಯ ‘ಈವನ್‌ಟೈಡ್’ ಎಂಬ ಬಂಗಲೆಯಲ್ಲಿ. ಮರುವರ್ಷವೇ ಇಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. ರಾಗಿ ಹೊಲಗಳ ನಡುವೆ, ವಿಮಾನವನ್ನು ಹತ್ತಿರದಿಂದ ಕಂಡೇ ಇರದ ಜನರ ಕೈಯಲ್ಲಿ.

ಯುದ್ಧದ ಕಾಲಕ್ಕೆ ಅದು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ದೊಡ್ಡ ಠಾಣೆಯಾಯಿತು. ಡಕೋಟಾಗಳು, ಲಿಬರೇಟರ್ ಬಾಂಬರ್‌ಗಳು, ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳೂ ಇಲ್ಲಿಗೆ ಬಂದು ರಿಪೇರಿಯಾಗಿ ಹೋದವು. ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಕಡಿಮೆಯಾಗಿ, ಇದೇ ಕೈಗಳು ರೈಲು ಬೋಗಿ ಕಟ್ಟಿದವು, ಬಸ್ಸಿನ ಮೈ ಕಟ್ಟಿದವು. ಆ ಬೋಗಿಯ ವಿಭಾಗವೇ ಮುಂದೆ ಬೆಮಲ್ ಪಾಲಿಗೆ ಹೋಯಿತು.

ಆ ಲಿಬರೇಟರ್‌ಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಯುದ್ಧ ಮುಗಿದಾಗ ಬ್ರಿಟಿಷರು ಕಾನ್ಪುರದ ಚಕೇರಿ ಮೈದಾನದಲ್ಲಿ ಈ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಗುಡ್ಡೆ ಹಾಕಿ, ಇನ್ಯಾರೂ ಬಳಸದಂತೆ ಕೆಡಿಸಿ ಹೋಗಿದ್ದರು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ವಾಯುಪಡೆಗೆ ಬಾಂಬರ್ ಬೇಕಿತ್ತು, ಕೊಳ್ಳಲು ಹಣ ಇರಲಿಲ್ಲ. ಬೆಂಗಳೂರಿನಿಂದ ಕಾರ್ಖಾನೆಯವರು ಕಾನ್ಪುರಕ್ಕೆ ಹೋದರು. ಒಂದರ ಬಾಲ, ಇನ್ನೊಂದರ ಎಂಜಿನ್, ಮತ್ತೊಂದರ ಚಕ್ರ ಹೀಗೆ ಕೂಡಿಸಿ, ಒಂದು ಸಲ ಹಾರಿದರೆ ಸಾಕು ಎನ್ನುವ ಮಟ್ಟಕ್ಕೆ ತಂದರು. ಎಚ್‌ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಶೆಡ್ ಕೈಕೋಬಾದ್ ಮುನ್ಷಿ ಆ ತೇಪೆ ಹಾಕಿದ ವಿಮಾನಗಳನ್ನು ಕಾನ್ಪುರದಿಂದ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಅವುಗಳನ್ನು ಬಿಚ್ಚಿ, ಹೊಸದರಂತೆ ಮಾಡಿ, 40ಕ್ಕೂ ಹೆಚ್ಚು ವಿಮಾನಗಳನ್ನು ವಾಯುಪಡೆಗೆ ಕೊಟ್ಟರು. 1948ರಲ್ಲಿ ಸೇವೆ ಸೇರಿದ ಅವು 1968ರವರೆಗೂ ಹಾರಿದವು. ಜಗತ್ತಿನಲ್ಲಿ ಬೇರೆ ಬಹುತೇಕ ಕಡೆ ಲಿಬರೇಟರ್‌ಗಳನ್ನು ಗುಜರಿಗೆ ಹಾಕಿದ್ದರು. ಹಾಗಾಗಿ ಇವತ್ತು ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದಲ್ಲಿ, ಕೆನಡಾದ ಒಟ್ಟಾವದಲ್ಲಿ, ಅಮೆರಿಕದ ಅರಿಜೋನಾದ ಪೀಮಾ ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಆ ದೇಶಗಳಲ್ಲಿರುವ ಕನ್ನಡಿಗರು ಈ ಮಾತು ಕೇಳುತ್ತಿದ್ದರೆ ಒಂದು ಸಲ ಹೋಗಿ ನೋಡಿ. ಆ ತಗಡಿನ ಮೇಲೆ ಬೆಂಗಳೂರಿನವರ ಕೈ ಆಡಿದೆ.

ನಮ್ಮ ಮ್ಯೂಸಿಯಂಗೆ ಮರಳೋಣ. ಎಂಜಿನ್ನಿನ ಹಾಲ್‌ಗೆ ಮಕ್ಕಳನ್ನು ಕರೆದೊಯ್ಯುವವರಿಗೆ, ನಾನೊಬ್ಬ ಮೇಷ್ಟ್ರಾಗಿದ್ದವಳು, ಒಂದು ಕಿವಿಮಾತು ಹೇಳುತ್ತೇನೆ. ಜೆಟ್ ಎಂಜಿನ್ ಎಂದರೆ ದೊಡ್ಡ ಗಣಿತ ಎಂದು ಹೆದರಬೇಡಿ. ಕುಲುಮೆ ನೋಡಿದ ಮಗುವಿಗೆ ಅದು ಅರ್ಥವಾಗುತ್ತದೆ. ಕಮ್ಮಾರ ತಿದಿ ಒತ್ತಿದರೆ ಗಾಳಿ ಕೆಂಡಕ್ಕೆ ಹೋಗಿ ಉರಿ ಏಳುತ್ತದಲ್ಲ, ಇಲ್ಲಿ ಮುಂದಿನ ರೆಕ್ಕೆಯ ಚಕ್ರಗಳು ಆ ತಿದಿಯ ಕೆಲಸ ಮಾಡುತ್ತವೆ. ಗಾಳಿಯನ್ನು ಎಳೆದು, ಸಾಲು ಸಾಲು ಚಕ್ರಗಳು ಅದನ್ನು ಅದುಮಿ, ನಡುವಿನ ಉರಿಕೋಣೆಗೆ ತಳ್ಳುತ್ತವೆ. ಅಲ್ಲಿ ಎಣ್ಣೆ ಚಿಮ್ಮಿ ಉರಿಯುತ್ತದೆ. ಬಿಸಿಗಾಳಿ ಹಿಂದಕ್ಕೆ ನುಗ್ಗುವಾಗ ದಾರಿಯಲ್ಲಿರುವ ಇನ್ನೊಂದು ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರಕ್ಕೂ ಮುಂದಿನ ಚಕ್ರಗಳಿಗೂ ಒಂದೇ ಅಚ್ಚು. ಅಂದರೆ ಉರಿಯೇ ತಿದಿ ಒತ್ತುತ್ತಿದೆ! ಮಿಕ್ಕ ಗಾಳಿ ಹಿಂದಿನಿಂದ ರಭಸವಾಗಿ ಹೊರಟು ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಸೀಳಿಟ್ಟ ಎಂಜಿನ್ ಮೋಟಾರಿನ ಬಲದಿಂದ ನಿಧಾನವಾಗಿ ತಿರುಗುವುದನ್ನು ನೋಡುತ್ತಾ ಇಷ್ಟು ಹೇಳಿದರೆ, ಎಂಟನೇ ತರಗತಿಯ ಹುಡುಗಿ ಅದನ್ನು ಹತ್ತು ವರ್ಷ ಮರೆಯುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಮರೆಯಲಿಲ್ಲ. ಈಗ ಅವಳು ಎಂಜಿನ್ನುಗಳ ಕೆಲಸದಲ್ಲೇ ಇದ್ದಾಳೆ.

ಪ್ರದರ್ಶನ ಯಾವಾಗ ಇಡಬೇಕು, ಏನು ಇಡಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ ನನ್ನ ಹತ್ತಿರ ಒಂದು ಪಂಚಾಂಗವೇ ಇದೆ. ಯುಗಾದಿ, ಸಂಕ್ರಾಂತಿ ಬರುವ ಹಾಗೆ ಆ ಅಂಗಳಕ್ಕೂ ತನ್ನವೇ ದಿನಗಳಿವೆ.

ಜನವರಿ 4 ಬಂತೆಂದರೆ ತೇಜಸ್ ಮೊದಲು ಹಾರಿದ ದಿನ. 2001ರಲ್ಲಿ ವಿಂಗ್ ಕಮಾಂಡರ್ ರಾಜೀವ್ ಕೊಥಿಯಾಲ್ ಅದನ್ನು ಹಾರಿಸಿದ್ದು ಇದೇ ಎಚ್‌ಎಎಲ್ ಓಡುದಾರಿಯಿಂದ. ಮ್ಯೂಸಿಯಂ ಶುರುವಾದದ್ದೂ ಅದೇ ವರ್ಷ.

ಆಗಸ್ಟ್ ಎಚ್‌ಟಿ-2ರ ತಿಂಗಳು. 1951ರ ಆಗಸ್ಟ್‌ನಲ್ಲಿ ಹಾರಿದ ಈ ಪುಟ್ಟ ತರಬೇತಿ ವಿಮಾನ ನಮ್ಮಲ್ಲೇ ವಿನ್ಯಾಸವಾಗಿ ನಮ್ಮಲ್ಲೇ ತಯಾರಾದದ್ದು. ವಿನ್ಯಾಸ ಮಾಡಿದವರು ಡಾ. ವಿ. ಎಂ. ಘಾಟಗೆ. ಕೊಲ್ಹಾಪುರ ಕಡೆಯವರು, ಜರ್ಮನಿಯ ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ಎಂಬ ಮಹಾಗುರುವಿನ ಕೈಕೆಳಗೆ ಓದಿ ಬಂದವರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1942ರಲ್ಲಿ ವಿಮಾನ ಶಾಸ್ತ್ರದ ವಿಭಾಗ ತೆರೆದಾಗ ಪಾಠ ಶುರುಮಾಡಿದವರೂ ಅವರೇ. ಅಲ್ಲಿಯವರೆಗೆ ನಮ್ಮ ಹುಡುಗರು ಹಾರಲು ಕಲಿಯುತ್ತಿದ್ದದ್ದು ಬ್ರಿಟಿಷರ ಟೈಗರ್ ಮಾತ್ ವಿಮಾನದಲ್ಲಿ. ಅದರ ಜಾಗಕ್ಕೆ ಎಚ್‌ಟಿ-2 ಬಂತು. ಆಫ್ರಿಕದ ಘಾನಾ ದೇಶ ಹೊಸದಾಗಿ ವಾಯುಪಡೆ ಕಟ್ಟುವಾಗ ಅವರಿಗೂ ನಾವು ಇದೇ ವಿಮಾನ ಕೊಟ್ಟೆವು. ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷ ಆಗಿದ್ದ ದೇಶ ತನ್ನ ವಿಮಾನ ತಾನೇ ಬರೆದು, ಕೊರೆದು, ಹಾರಿಸಿತು. ಆ ಅಂಗಳದಲ್ಲಿ ಅದು ಚಿಕ್ಕದಾಗಿ ಕಾಣುತ್ತದೆ, ಜನ ಬೇಗ ದಾಟಿಹೋಗುತ್ತಾರೆ. ನಾನು ಮಾತ್ರ ಮಕ್ಕಳನ್ನು ಅಲ್ಲಿ ನಿಲ್ಲಿಸುತ್ತಿದ್ದೆ.

ಆದರೆ ನನ್ನ ಪಂಚಾಂಗದ ದೊಡ್ಡ ಹಬ್ಬ ಜೂನ್ 17. 1961ರಲ್ಲಿ ಅಂದು ಮಾರುತ್ ಮೊದಲ ಸಲ ಹಾರಿತು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದ ಜೊತೆ ಬೆಂಗಳೂರಿಗೆ ಬಂದರು. ಅವರ ಜೊತೆ ನಮ್ಮ ಹುಡುಗರು ಕೂತು ಕಲಿತು ಕಟ್ಟಿದ ವಿಮಾನ ಅದು. ಮೊದಲು ಅದೇ ಅಳತೆಯ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದ ಬಾಲಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು, ಆಕಾಶದಲ್ಲಿ ಬಿಟ್ಟು ಪರೀಕ್ಷೆ ಮಾಡಿದರು. ಎಂಜಿನ್ನೇ ಇಲ್ಲದ, ಮರದ ಯುದ್ಧವಿಮಾನ! ಆ ಮರಗೆಲಸದವರ ಹೆಸರು ಯಾವ ಪುಸ್ತಕದಲ್ಲಿದೆ? ಒಟ್ಟು 147 ಮಾರುತ್‌ಗಳು ತಯಾರಾದವು. ಅದಕ್ಕೆ ತಕ್ಕಷ್ಟು ಬಲದ ಎಂಜಿನ್ ಕೊನೆಗೂ ಸಿಗಲಿಲ್ಲ. ಶಬ್ದದ ಎರಡರಷ್ಟು ವೇಗದ ಕನಸಿನಲ್ಲಿ ಹುಟ್ಟಿದ್ದು ಶಬ್ದದ ವೇಗದ ಆಚೀಚೆಗೇ ನಿಂತಿತು. ಇದನ್ನು ಮುಚ್ಚಿಡಬಾರದು. ಪ್ರದರ್ಶನದಲ್ಲಿ ಇದನ್ನೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಏಕೆಂದರೆ ಇಂದಿಗೂ ಯುದ್ಧವಿಮಾನದ ಎಂಜಿನ್ನಿಗೆ ನಾವು ಹೊರಗಿನವರ ಮುಖ ನೋಡುತ್ತಿದ್ದೇವೆ, ಆ ಪಾಠ ಅಲ್ಲಿಂದಲೇ ಶುರು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಮರಳಿನ ಮೇಲೆ ನೆಲಕ್ಕೆ ಹತ್ತಿರವಾಗಿ ಹಾರಿ ಅದು ಕೆಲಸ ಮಾಡಿತು. ಒಂದು ಎಂಜಿನ್ ಕೆಟ್ಟು ಇನ್ನೊಂದರ ಮೇಲೆ ಮನೆಗೆ ಮರಳಿದ ಮಾರುತ್‌ಗಳೂ ಇದ್ದವು. ಆ ಸುದ್ದಿ ಬಂದ ದಿನ ಅಪ್ಪ ಊಟಕ್ಕೆ ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ರಿವೆಟ್ ಹಿಡಿದಿದೆ’ ಎಂದರು, ಅಷ್ಟೇ.

ಮಾರುತ್ ನೋಡಲು ವಿಮಾನಪುರಕ್ಕೇ ಹೋಗಬೇಕೆಂದಿಲ್ಲ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲೂ ಒಂದಿದೆ. ಜರ್ಮನಿಯ ಮ್ಯೂನಿಕ್ ಹತ್ತಿರ, ಡಾಯ್ಚೆಸ್ ಮ್ಯೂಸಿಯಂನ ವಿಮಾನ ವಿಭಾಗದಲ್ಲಿ ಇನ್ನೊಂದು ನಿಂತಿದೆ. ಟ್ಯಾಂಕ್ ಅವರ ದೇಶದವರು ಅದನ್ನು ತಮ್ಮ ಮನೆಯ ಕೂಸೆಂದು ಇಟ್ಟುಕೊಂಡಿದ್ದಾರೆ.

ಮಾರುತ್‌ನ ಮೊದಲ ಹಾರಾಟ ಮಾಡಿದವರು ಸುರಂಜನ್ ದಾಸ್. 1970ರ ಜನವರಿ 10ರಂದು, ಹೆಚ್ಚು ಬಲದ ಎಂಜಿನ್ ಕೂರಿಸಿದ ಮಾರುತ್ ಒಂದನ್ನು ಪರೀಕ್ಷಿಸಲು ಮೇಲೇರುವಾಗ ವಿಮಾನ ಬಿದ್ದು ಅವರು ತೀರಿಕೊಂಡರು. ಹಳೆ ಮದ್ರಾಸು ರಸ್ತೆಯಿಂದ ಹಳೆ ವಿಮಾನ ನಿಲ್ದಾಣ ರಸ್ತೆಗೆ ಸೇರುವ ದಾರಿಗೆ ಅವರ ಹೆಸರಿದೆ. ದಿನಕ್ಕೆ ಸಾವಿರಾರು ಜನ ಆ ರಸ್ತೆಯಲ್ಲಿ ಓಡಾಡುತ್ತಾರೆ. ಬಸ್ಸಿನಲ್ಲಿ ‘ಸುರಂಜನ್ ದಾಸ್ ರೋಡ್’ ಎಂದು ಟಿಕೆಟ್ ಕೇಳುತ್ತಾರೆ. ಅವರು ಯಾರು ಎಂದು ನನ್ನ ತರಗತಿಯಲ್ಲಿ ಕೇಳಿದಾಗ ಒಂದು ಮಗುವಿಗೂ ಗೊತ್ತಿರಲಿಲ್ಲ. ಜನವರಿ 10ರಂದು ಆ ರಸ್ತೆಯ ಸುತ್ತಮುತ್ತಲ ಶಾಲೆಗಳ ಮಕ್ಕಳೆಲ್ಲ ಮಾರುತ್ ಮುಂದೆ ಹತ್ತು ನಿಮಿಷ ನಿಂತು ಆ ಕಥೆ ಕೇಳಬೇಕು. ಇದಕ್ಕೆ ಬೇಕಾಗಿರುವುದು ಒಂದು ಬಸ್ಸು ಮತ್ತು ಕಥೆ ಗೊತ್ತಿರುವ ಒಬ್ಬರು.

ಯುದ್ಧದ ವಿಮಾನಗಳ ಮುಂದೆಯೇ ಜನ ಹೆಚ್ಚು. ಸಹಜ. ಆದರೆ ‘ಬಸಂತ್’ ಎಂಬ ವಿಮಾನ ಎಷ್ಟು ಜನರಿಗೆ ಗೊತ್ತು? 1972ರಲ್ಲಿ ಹಾರಿದ್ದು. ಬೆಳೆಗೆ ಔಷಧಿ ಸಿಂಪಡಿಸುವುದಕ್ಕೆಂದೇ ಮಾಡಿದ ಒಂಟಿ ಆಸನದ ವಿಮಾನ. 39 ಮಾತ್ರ ತಯಾರಾದವು. ರೈತರಿಗಾಗಿ ವಿಮಾನ ಮಾಡಿದ ಕಾಲವೊಂದಿತ್ತು ಎನ್ನುವುದು ಹಳ್ಳಿಯಿಂದ ಬಂದ ಮಕ್ಕಳಿಗೆ ನಾನು ಮೊದಲು ಹೇಳುವ ಸಂಗತಿ. ಅವರ ಕಣ್ಣು ಅಲ್ಲಿ ಅರಳುತ್ತದೆ. ಹಾಗೆಯೇ ‘ಕಿರಣ್’. 1964ರಲ್ಲಿ ಮೊದಲು ಹಾರಿದ ಈ ಜೆಟ್ ತರಬೇತಿ ವಿಮಾನದಲ್ಲಿ ನಮ್ಮ ಎಷ್ಟು ತಲೆಮಾರಿನ ಪೈಲಟ್‌ಗಳು ಕಲಿತರೋ ಲೆಕ್ಕವಿಲ್ಲ. ಬೀದರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1996ರಲ್ಲಿ ಶುರುವಾದ ಸೂರ್ಯಕಿರಣ್ ತಂಡ ಅವರ ಊರಿನ ಆಕಾಶದಲ್ಲೇ ಒಂಬತ್ತು ಕಿರಣ್ ವಿಮಾನಗಳನ್ನು ರಂಗೋಲಿಯ ಎಳೆಯಂತೆ ಕೂಡಿಸಿ ಬಿಡಿಸಿ ಅಭ್ಯಾಸ ಮಾಡುತ್ತಿತ್ತು. ಕೋಟೆಯ ಮೇಲೆ ನಿಂತು ನೋಡಿದವರು ಈಗಲೂ ಹೇಳುತ್ತಾರೆ.

ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆಯುತ್ತದೆ, 1996ರಿಂದಲೂ. ರಸ್ತೆ, ಮನೆಯ ತಾರಸಿ, ಕೆರೆ ಏರಿ ಎಲ್ಲ ಕಡೆ ಜನ ಕತ್ತೆತ್ತಿ ನಿಲ್ಲುತ್ತಾರೆ. ನಾನೂ ನಿಂತಿದ್ದೇನೆ. ಆ ಐದು ದಿನದ ಉತ್ಸಾಹದ ಹತ್ತರಲ್ಲಿ ಒಂದು ಪಾಲನ್ನು ವರ್ಷದ ಉಳಿದ ದಿನಗಳಿಗೆ ಉಳಿಸಿಕೊಂಡರೆ ನಮ್ಮ ವಿಮಾನ ವಸ್ತುಸಂಗ್ರಹಾಲಯಗಳು ತುಂಬಿ ತುಳುಕುತ್ತವೆ. ಈಗ ಕಾರವಾರದ ಕಡಲ ದಂಡೆಯಲ್ಲೂ ನೌಕಾಪಡೆಯ ಟುಪೊಲೆವ್ ವಿಮಾನ ಬಂದು ನಿಂತಿದೆ, ಚಾಪೆಲ್ ಯುದ್ಧನೌಕೆಯ ಪಕ್ಕದಲ್ಲೇ. ತಮಿಳುನಾಡಿನ ಅರಕ್ಕೋಣಂನಿಂದ ಅದನ್ನು ಬಿಚ್ಚಿ ಲಾರಿಗಳಲ್ಲಿ ತಂದು ಮತ್ತೆ ಜೋಡಿಸಿದರು. ಜೋಡಿಸಿದವರ ಮಾತನ್ನು ಯಾರಾದರೂ ದಾಖಲು ಮಾಡಿಕೊಂಡಿದ್ದರೆ ಅದೂ ಅಷ್ಟೇ ದೊಡ್ಡ ಆಸ್ತಿ.

ಬಯಲಲ್ಲಿ ನಿಂತ ವಿಮಾನ ಕಲ್ಲಿನ ವಿಗ್ರಹದಂತಲ್ಲ. ಮಳೆ ನೀರು ತಗಡಿನ ಸಂದಿಗೆ ಇಳಿದು ಒಳಗಿನಿಂದ ತಿನ್ನುತ್ತದೆ, ಬಿಸಿಲಿಗೆ ಟಯರು ಬಿರಿಯುತ್ತದೆ, ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳ ಹಳದಿಯಾಗುತ್ತದೆ, ಗಾಳಿ ಹೀರುವ ಬಾಯಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ. ಅದನ್ನು ತೊಳೆದು, ಬಣ್ಣ ಬಳಿದು, ಭಾರ ಟಯರಿನ ಮೇಲೆ ಬೀಳದಂತೆ ಕಾಲು ಕೊಟ್ಟು ನಿಲ್ಲಿಸುವವರದು ವರ್ಷಪೂರ್ತಿ ಮುಗಿಯದ ಕೆಲಸ. ಮಕ್ಕಳನ್ನು ಕರೆದುಕೊಂಡು ಹೋದಾಗ ರೆಕ್ಕೆಯ ಮೇಲೆ ಹತ್ತಿಸಬೇಡಿ, ಹೆಸರು ಕೆತ್ತಲು ಬಿಡಬೇಡಿ. ಬೆರಳಿಂದ ರಿವೆಟ್ ಮುಟ್ಟಿ ನೋಡುವುದಕ್ಕೆ ಅಲ್ಲಿರುವವರನ್ನು ಒಂದು ಮಾತು ಕೇಳಿ.

ಮ್ಯೂಸಿಯಂನಲ್ಲಿ ವಿಮಾನಗಳನ್ನು ಇಳಿಸುವ ಏರಿಸುವ ನಿಯಂತ್ರಣ ಗೋಪುರದ ಮಾದರಿಯೂ ಇದೆ. ಅದರ ಮುಂದೆ ನಿಂತಾಗ ನನಗೆ 2008ರ ಮೇ ತಿಂಗಳು ನೆನಪಾಗುತ್ತದೆ. ದೇವನಹಳ್ಳಿಯ ಹೊಸ ನಿಲ್ದಾಣ ತೆರೆದು, ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ನಿಂತವು. ನಮ್ಮ ಬೀದಿಯ ಮೇಲೆ ತಲೆ ತಾಗುವಷ್ಟು ಕೆಳಗೆ ಹಾರುತ್ತಿದ್ದ ವಿಮಾನಗಳ ಸದ್ದು ಒಂದು ರಾತ್ರಿಗೆ ಇಲ್ಲವಾಯಿತು. ಅಪ್ಪ ಎರಡು ದಿನ ನಿದ್ದೆ ಬರಲಿಲ್ಲ ಎಂದರು. ಆ ಸದ್ದಿನಲ್ಲೇ ಅವರು ಐವತ್ತು ವರ್ಷ ಮಲಗಿದ್ದರು.

ಅಪ್ಪ ಈಗಿಲ್ಲ. ಅವರ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಒಂದು ಬಿಲ್ಲೆ, ಸವೆದ ಒಂದು ಡಾಲಿ, ಒಂದು ಗುಂಪು ಫೋಟೋ ಸಿಕ್ಕಿತು. ಫೋಟೋದಲ್ಲಿ ಹ್ಯಾಂಗರಿನ ಮುಂದೆ ಮೂರು ಸಾಲಾಗಿ ನಿಂತ 31 ಜನ. ಅಪ್ಪನನ್ನು ಬಿಟ್ಟರೆ ಇಬ್ಬರ ಗುರುತು ಮಾತ್ರ ನನಗೆ ಹತ್ತಿತು. ಹೊರಗಿನಿಂದ ಗನ್ ಹೊಡೆಯುತ್ತಿದ್ದ ಅಪ್ಪನ ಜೊತೆಗಾರ ಅವರಲ್ಲಿ ಯಾರು ಎನ್ನುವುದು ಗೊತ್ತಾಗಲಿಲ್ಲ. ಅಪ್ಪ ಬದುಕಿದ್ದಾಗ ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಅದರ ಸಂಕಟದಿಂದಲೇ ಇವತ್ತು ನಿಮ್ಮ ಮುಂದೆ ಈ ಮಾತು.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ವಿಮಾನ ಕಾರ್ಖಾನೆಯಲ್ಲಿ ದುಡಿದ ಹಿರಿಯರು ಇದ್ದರೆ, ಈ ವಾರವೇ ಅವರ ಪಕ್ಕ ಕೂತುಕೊಳ್ಳಿ. ಯಾವ ವಿಭಾಗ, ಯಾವ ವಿಮಾನ, ಯಾವ ಉಪಕರಣಕ್ಕೆ ಏನು ಹೆಸರು, ಜೊತೆಗಿದ್ದವರು ಯಾರು ಅಂತ ಕೇಳಿ, ಮೊಬೈಲಿನಲ್ಲಿ ಅವರ ದನಿಯನ್ನು ಹಿಡಿದಿಡಿ. ನಡೆಯಲು ಆಗುವವರಿದ್ದರೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಮೊಮ್ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ, ವಿಮಾನದ ಮುಂದೆ ಅವರನ್ನು ಮಾತಾಡಲು ಬಿಡಿ. ಹಳೆಯ ಫೋಟೋ ಇದ್ದರೆ ಹಿಂದೆ ತಿರುಗಿಸಿ, ಒಬ್ಬೊಬ್ಬರ ಹೆಸರನ್ನೂ ಎಡದಿಂದ ಬಲಕ್ಕೆ ಬರೆದಿಡಿ. ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ. ಶಾಯಿಯಾದರೆ ಮುಂದಕ್ಕೆ ಇಳಿದು ಮುಖಗಳ ಮೇಲೆ ಮೂಡುತ್ತದೆ.